ಅಕ್ಕನಿಗೆ ಕಲಿಸಿದ ಸುಳ್ಳು ಅಕ್ಷರ

ಮಕ್ಕಳೇ, ನಾನು ಚಿಕ್ಕವನಿದ್ದಾಗ ನನಗೆ ನನ್ನದೇ ಒಂದು ಭಾಷೆ ಇತ್ತು. ಬೇಸಗೆಯಲ್ಲಿ ನೇತ್ರಾವತಿ ಹೊಳೆಯ ನಡುವೆ ಏಳುವ ಮರಳ ದಿಬ್ಬವನ್ನು ಒಂದು ದೇಶವೆಂದು ಮಾಡಿಕೊಂಡು, ಅಲ್ಲಿಯ ಜನರಿಗೆ ಮಾತು ಕಟ್ಟಿದ್ದೆ. ನೀರಿಗೆ 'ಬಿಲು', ಮೀನಿಗೆ 'ತೊಂಯಿ'. ಆ ಮಾತಿಗೆ ಅಕ್ಷರಗಳನ್ನೂ ಮಾಡಿದ್ದೆ. ಒಂದು ಗಾಳದಂತೆ ಬಾಗಿದ್ದು, ಇನ್ನೊಂದು ಏಡಿಯ ಕಾಲಿನಂಥದ್ದು. ಅವನ್ನು ಓದಬಲ್ಲವರು ಬೇರೆ ಯಾರೂ ಇಲ್ಲ ಎಂಬುದು ಮೊದಲು ಹೆಮ್ಮೆಯಾಗಿತ್ತು, ಆಮೇಲೆ ಬೇಸರವಾಯಿತು.

ನಮ್ಮ ಮನೆ ಇದ್ದದ್ದು ಪಾಣೆಮಂಗಳೂರಿನಲ್ಲಿ. ಅಮ್ಮ ತೀರಿಕೊಂಡಿದ್ದರು. ಹೊಳೆಯ ಮರಳು ತೆಗೆಯುವ ದೋಣಿಯ ಕೆಲಸಕ್ಕೆ ಹೋಗುತ್ತಿದ್ದ ಅಪ್ಪನಿಗೆ ಓದು ಬಾರದು. ಅಕ್ಕನೂ ಶಾಲೆ ಕಂಡವಳಲ್ಲ. ಅಡುಗೆ ಮುಗಿಸಿ ಉಳಿದ ಹೊತ್ತೆಲ್ಲ ಬೀಡಿ ಕಟ್ಟುತ್ತಿದ್ದಳು. ಅವಳ ಬೆರಳಿಗೆ ಸದಾ ಹೊಗೆಸೊಪ್ಪಿನ ಘಾಟು. ಬಂಟ್ವಾಳ ಪೇಟೆಯಲ್ಲಿ ಹೊಲಿಗೆ ತರಗತಿ ಶುರುವಾಗುತ್ತದೆ, ಹೆಸರು ಬರೆಯಲು ಬಂದರೆ ಸಾಕು, ಸೇರಿಸಿಕೊಳ್ಳುತ್ತಾರೆ ಎಂದು ಕೇಳಿದ ದಿನವೇ ಅವಳು ನನ್ನ ಸ್ಲೇಟಿನ ಮುಂದೆ ಬಂದು ಕುಳಿತಳು.

"ನನ್ನ ಹೆಸರು ಬರೆಯಲು ಕಲಿಸ್ತೀಯಾ ತಮ್ಮಾ?"

ಕಲಿಸಿದೆ. ಆದರೆ ಕನ್ನಡದ ಅಕ್ಷರಗಳನ್ನಲ್ಲ, ನನ್ನವನ್ನು. ಮೊದಲ ದಿನ ತಮಾಷೆಗೆಂದೇ ಮಾಡಿದ್ದು. ಅವಳು ಬೀಡಿ ಎಲೆಯ ಮೇಲೆ ಕಡ್ಡಿಯಿಂದ ಗೀರಿ ಗೀರಿ ಅಭ್ಯಾಸ ಮಾಡಿ, ಒಂದೂ ತಪ್ಪದೆ ಬರೆದು ತೋರಿಸಿದಾಗ, ನನ್ನ ಲಿಪಿ ಇನ್ನೊಬ್ಬರ ಕೈಯಲ್ಲಿ ಮೂಡಿದ್ದು ಕಂಡು ಹಿಗ್ಗಿದೆ. ನಾಳೆ ಹೇಳುವ, ನಾಳೆ ಹೇಳುವ ಎಂದು ದಿನ ದೂಡಿದೆ.

ತರಗತಿಗೆ ಹೆಸರು ಕೊಡುವ ದಿನ ಅಕ್ಕ ತಲೆಗೆ ಎಣ್ಣೆ ಹಚ್ಚಿ, ಅಬ್ಬಲಿಗೆ ಮುಡಿದು, ನನ್ನನ್ನೂ ಕರೆದುಕೊಂಡು ಸೇತುವೆ ದಾಟಿ ನಡೆದಳು. ಈಗ ಹೇಳುವ, ಸೇತುವೆ ದಾಟಿದ ಮೇಲೆ ಹೇಳುವ ಎಂದುಕೊಳ್ಳುತ್ತಲೇ ನಾನು ಅವಳ ಹಿಂದೆ ಪೇಟೆ ಮುಟ್ಟಿದೆ.

ಹೊಲಿಗೆ ಟೀಚರ್ ಪುಸ್ತಕ ಮುಂದಿಟ್ಟರು. ಅಕ್ಕ ಪೆನ್ನನ್ನು ಒತ್ತಿ ಹಿಡಿದು, ನಿಧಾನವಾಗಿ, ಚೆಂದವಾಗಿ ಬರೆದಳು. ಟೀಚರ್ ಪುಸ್ತಕವನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಎಂಥ ಇದು ಮಾರಾಯ್ತಿ? ಯಾವ ಭಾಷೆ?"

ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅಷ್ಟರಲ್ಲೇ ಅವಳಿಗೆ ಎಲ್ಲವೂ ತಿಳಿಯಿತು.

"ನನಗೆ ಬರೆಯಲು ಬರುವುದಿಲ್ಲ ಟೀಚರ್. ಸುಮ್ಮನೆ ಗೀಚಿದೆ," ಎಂದಳು.

ತಪ್ಪು ನನ್ನದು ಎನ್ನಲು ಎರಡು ಮಾತು ಸಾಕಿತ್ತು. ನಾನು ಹೇಳಲಿಲ್ಲ.

ಮರಳುವಾಗ ಸೇತುವೆಯ ಮೇಲೆ ಅವಳು ಕೇಳಿದ್ದು ಒಂದೇ. "ಅದನ್ನು ಓದುವವರು ಯಾರಾದರೂ ಉಂಟಾ?"

"ಇಲ್ಲ ಅಕ್ಕ."

ಅಪ್ಪನಿಗೆ ಅವಳು ಏನೂ ಹೇಳಲಿಲ್ಲ. ನಾಲ್ಕು ಬೈಗುಳ ಬೈದಿದ್ದರೂ ನನಗೆ ಹಗುರವಾಗುತ್ತಿತ್ತು.

ಆ ಸಂಜೆಯೇ ನಿಜವಾದ ಅಕ್ಷರ ಕಲಿಸಲು ಕುಳಿತೆ. ಅವಳು ಕಲಿತಳು, ಮುಂದಿನ ವರ್ಷ ತರಗತಿಗೂ ಸೇರಿದಳು. ಆದರೆ ನಾನು ಬರೆದುಕೊಟ್ಟ ಪ್ರತಿ ಅಕ್ಷರವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿ, ಅಲ್ಲಿ ಕಂಡ ಮೇಲೆಯೇ ಸ್ಲೇಟಿಗೆ ಇಳಿಸುತ್ತಿದ್ದಳು. ನಾನು ಪಕ್ಕದಲ್ಲಿ ಕಾಯುತ್ತಿದ್ದೆ.

ಮಕ್ಕಳೇ, ನೀವೂ ಟ್ಯಾಬಿನಲ್ಲಿ ಗುಟ್ಟಿನ ಅಕ್ಷರಗಳನ್ನು ಮಾಡಿ ಆಡುತ್ತೀರಿ. ಆಡಿ, ಬೇಡವೆನ್ನುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಓದು ಬರುತ್ತದೆ. ಸಂಶಯ ಬಂದರೆ ಫೋನನ್ನು ಕೇಳುತ್ತೀರಿ. ಅಂದು ಅಕ್ಕನಿಗೆ ಕೇಳಲು ಇದ್ದವನು ನಾನೊಬ್ಬನೇ.