ಮುಚ್ಚಬೇಕಿದ್ದ ಹೆಸರು

ನಮ್ಮ ವಕೀಲ ಸಾಹೇಬರ ಬಲಗೈಯ ತೋರುಬೆರಳು ಉಗುರಿನಿಂದ ಮೊದಲ ಗೆಣ್ಣಿನವರೆಗೆ ಸದಾ ಕಪ್ಪಾಗಿರುತ್ತಿತ್ತು. ರದ್ದಿಗೆ ಹಾಕಿದ ಕಾಗದಗಳು ಬೀದರದ ಭಜಿ ಅಂಗಡಿಗಳಿಗೆ ಪೊಟ್ಟಣ ಕಟ್ಟಲು ಹೋಗುತ್ತವೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಪ್ರತಿ ಹಾಳೆಯಲ್ಲೂ ಕಕ್ಷಿದಾರರ ಹೆಸರು, ಊರು, ಫೋನ್ ಸಂಖ್ಯೆಗಳ ಮೇಲೆ ದಪ್ಪ ಮಾರ್ಕರ್ ಎಳೆದು, ಮಸಿ ಆರಿತೇ ಎಂದು ಬೆರಳಿನಿಂದ ಒರೆಸಿ ನೋಡುತ್ತಿದ್ದರು.

ಔರಾದ ತಾಲೂಕಿನ ಕುರಿ ಸಾಕುವ ಮನೆಯಿಂದ ಬಂದು, ವಂಶದಲ್ಲಿ ಮೊದಲಿಗನಾಗಿ ಪದವಿ ಪಡೆದ ನಾನು ಅವರ ಬಳಿ ಕಿರಿಯ ವಕೀಲನಾಗಿ ಸೇರಿದೆ. ಕದ್ದ ಖಾಸಗಿ ಮಾಹಿತಿ, ನಕಲಿ ಖಾತೆ, ಬೆದರಿಕೆಗೆ ಬಳಸಿದ ಫೋಟೊ, ಇಂಥವೇ ಅವರ ಪ್ರಕರಣಗಳು. ಉಳಿದ ವಕೀಲರು ಕೆಣಕುತ್ತಿದ್ದರು: "ಏನ್ ಸಾಬ್, ಮೊಬೈಲ್ ರಿಪೇರಿ ದುಕಾನ ಹ್ಯಾಂಗ ನಡದದ?"

"ಹೊಲದ ಬಾಂದ ಒತ್ತಿದ್ರ ಸರ್ವೇದಾವ ಬಂದು ತೋರಸ್ತಾನ. ಹೆಸರಿಂದು ಬಾಂದ ಒತ್ತಿದ್ರ ಯಾರ್ ತೋರಸ್ತಾರ್ರಿ? ಅದಕ ನಾ ಕುಂತೀನಿ," ಎಂದು ಅವರು ಚಹಾ ತರಿಸುತ್ತಿದ್ದರು.

ಭಾಲ್ಕಿ ಕಡೆಯ ಒಬ್ಬ ವಿದ್ಯಾರ್ಥಿನಿಯ ಫೋಟೊವನ್ನು ಸಹಪಾಠಿಯೊಬ್ಬ ಅಶ್ಲೀಲವಾಗಿ ತಿರುಚಿ ಹಂಚಿದ್ದ. ಅದನ್ನು ತೆಗೆಸಲು ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

"ತಮ್ಮಾ, ಅರ್ಜಿದಾಗ ಹುಡುಗಿ ಹೆಸರು ಬರೀಬ್ಯಾಡ. ಒಂದ ಅಕ್ಷರ ಸಾಕು. ಖರೇ ಹೆಸರು ಲಕೋಟಿದಾಗ ಹಾಕಿ ಸೀಲ್ ಮಾಡಿ ಕೊಡು," ಎಂದಿದ್ದರು.

ಆದರೆ ಅದಕ್ಕೆ ಕೆಲವೇ ದಿನಗಳ ಹಿಂದೆ, ತಂದೆಯ ಹೆಸರು ಬಿಟ್ಟುಹೋಗಿದೆಯೆಂದು ನನ್ನ ಒಂದು ಅರ್ಜಿ ಮರಳಿ ಬಂದಿತ್ತು. "ಎಲ್ಲಿ ಕಲ್ತೀರಿ ವಕೀಲಕಿ?" ಎಂದು ನ್ಯಾಯಾಲಯದ ಗುಮಾಸ್ತರು ಎಲ್ಲರೆದುರು ಕೇಳಿದ್ದರು. ಆ ಮಾತಿಗೆ ಅಂಜಿ, ಪುಸ್ತಕದಲ್ಲಿದ್ದ ಮಾದರಿಯಂತೆಯೇ ಹುಡುಗಿಯ ಹೆಸರು, ತಂದೆಯ ಹೆಸರು, ವಯಸ್ಸು, ಊರು ಎಲ್ಲವನ್ನೂ ಸ್ಫುಟವಾಗಿ ಬರೆದೆ. ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಕಟ್ಟಿಕೊಂಡಿದ್ದ ಸಾಹೇಬರು, "ನೀ ಬರ್ದಿ ಅಂದ್ರ ಬರೋಬ್ಬರಿ ಇರ್ತದ," ಎಂದು ಓದದೆಯೇ ಸಹಿ ಮಾಡಿದರು.

ಆದೇಶ ನಮ್ಮ ಪರವಾಗಿ ಬಂತು. ಫೋಟೊ ಅಳಿಯಿತು. ಆದರೆ ಆ ಫೋಟೊ ಹೇಗಿತ್ತೆಂಬ ವಿವರದೊಂದಿಗೆ ಆದೇಶ ನ್ಯಾಯಾಲಯದ ಜಾಲತಾಣದ ಮೂಲಕ ಅಂತರಜಾಲಕ್ಕೆ ಏರಿತು. ಹುಡುಗಿಯ ಹೆಸರು ಹುಡುಕಿದರೆ ಮೊದಲು ಕಾಣುವುದು ಅದೇ. ನಾಲ್ಕು ತಿಂಗಳಲ್ಲಿ ಅವಳ ತರಗತಿಯವರೆಲ್ಲ ಅದನ್ನು ಓದಿದ್ದರು.

ತಾಯಿಯೊಂದಿಗೆ ಬಂದ ಹುಡುಗಿ ನನ್ನನ್ನೇ ಕೇಳಿದಳು: "ಅಣ್ಣಾ, ಫೋಟೊ ಅಳಸ್ಲಿಕ್ಕ ಬಂದಿದ್ದೆ. ಈಗ ಹೆಸರು ಅಳಸೋರು ಯಾರ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು, "ತಪ್ಪು ನಂದು ಅದವ್ವಾ. ಸಹಿ ನಂದು," ಎಂದರು.

"ನಿಮ್ ಮ್ಯಾಲ ಭರೋಸಾ ಇಟ್ಟಿದ್ವಿ ಸಾಬ್ರ," ಎಂದಷ್ಟೇ ಹೇಳಿ ತಾಯಿ ಎದ್ದರು. ಹುಡುಗಿ ಮತ್ತೆ ಕಾಲೇಜಿಗೆ ಹೋಗಲಿಲ್ಲ.

ಸಾಹೇಬರು ನನ್ನನ್ನು ಬೈಯಲಿಲ್ಲ. ಒಂದು ದಿನ ಮಾತ್ರ, "ಗುಮಾಸ್ತ ಏನಂತಾನೋ ಅಂತ ಅಂಜಿದೇನು?" ಎಂದು ಕೇಳಿದರು.

"ಹೌದ್ರಿ ಸರ್."

"ನಿನ್ನ ವಯಸ್ಸಿನಾಗ ನಾನೂ ಅಂಜ್ತಿದ್ದೆ."

ಹೊಸ ಅರ್ಜಿ ಹಾಕಿ ನ್ಯಾಯಾಲಯದ ದಾಖಲೆಯಲ್ಲಿ ಹೆಸರು ಮುಚ್ಚಿಸಿದರು. ಅಷ್ಟರಲ್ಲಿ ಆದೇಶವನ್ನು ನಕಲು ಮಾಡಿಕೊಂಡಿದ್ದ ಖಾಸಗಿ ಜಾಲತಾಣಗಳು ಬಗ್ಗಲಿಲ್ಲ. ಎರಡು ವರ್ಷ ಅವಕ್ಕೆ ವಾರವಾರವೂ ಪತ್ರ ಬರೆದರು. ಬಂದದ್ದು ಯಂತ್ರದ ಉತ್ತರಗಳು. ಕೊನೆಗೆ ಎದೆನೋವಿನಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ, "ಇವತ್ತ ನೋಡಿದೇನು?" ಎಂದರು. "ಇನ್ನೂ ಅದರಿ," ಎಂದೆ. ಅವರು ಗೋಡೆಯ ಕಡೆ ಹೊರಳಿದರು. ಮೂರನೆಯ ದಿನ ತೀರಿಕೊಂಡರು.

ಈಗ ಆ ಪತ್ರಗಳನ್ನು ನಾನು ಬರೆಯುತ್ತೇನೆ. ಫಲ ಸಿಗುವುದೆಂಬ ನಂಬಿಕೆ ಉಳಿದಿಲ್ಲ. ಆ ತಾಣಗಳಲ್ಲಿ ಆದೇಶ ತೆರೆದಾಗಲೆಲ್ಲ ಮೇಲೆ ಹುಡುಗಿಯ ಹೆಸರಿದೆ, ಕೆಳಗೆ ಅವಳ ಪರ ವಕೀಲರೆಂದು ಸಾಹೇಬರ ಹೆಸರಿದೆ. ನನ್ನ ಹೆಸರು ಎಲ್ಲಿಯೂ ಇಲ್ಲ.