ವೈವಾದ ಊಟ

ವಿಶ್ವವಿದ್ಯಾಲಯದಾಗ ಪಿಎಚ್‌ಡಿ ಮುಗಿಸೋರು ಕಡೀಗೆ ಒಂದು ದಿನ ದೊಡ್ಡೋರ ಮುಂದ ನಿಂತು, ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಅದಕ್ಕ ವೈವಾ ಅಂತಾರ. ಪರೀಕ್ಷೆ ಮಾಡಾಕ ಬ್ಯಾರೆ ಊರಿಂದ ಒಬ್ಬರು ಬರ್ತಾರ. ಅವತ್ತು ಅವರಿಗೆ, ಡಿಪಾರ್ಟ್‌ಮೆಂಟಿನೋರಿಗೆ, ಆಫೀಸಿನೋರಿಗೆ ಊಟ ಹಾಕಿಸೋದು ಪರೀಕ್ಷೆ ಕೊಡೋರ ಪಾಲಿಗೆ ಬರೋದು. ಹಾಕಿಸಬೇಕು ಅಂತ ಎಲ್ಲೂ ಬರೆದಿಲ್ಲ. ಆದ್ರೂ ಊಟ ಇಲ್ಲದ ವೈವಾ ನಾನು ನೋಡಿರಲಿಲ್ಲ.

ಆ ಅಡಿಗಿ ಮಾಡೋಳು ನಾನು. ಹೆಣ್ಣುಮಕ್ಕಳ ಹಾಸ್ಟೆಲಿನ್ಯಾಗ ರೊಟ್ಟಿ ಬಡಿಯೋದು ನನ್ನ ದಿನದ ಕೆಲಸ. ವೈವಾ ಊಟ ಮ್ಯಾಲಿನ ಗಳಿಕಿ. ಹೋಳಿಗಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಮಿರ್ಚಿ, ಮೊಸರನ್ನ. ಉಂಡು, ಎಲಿ ಅಡಿಕಿ ಹಾಕ್ಕೊಂಡು, ಶಾಲು ಹೊದಿಸ್ಕೊಂಡ ಮ್ಯಾಲೆ ಪಾಸಾತು ಅಂತ ಹೇಳೋರು. ಅಲ್ಲೀತನಕ ಪರೀಕ್ಷೆ ಕೊಟ್ಟ ಹುಡುಗಿ ಸೆರಗು ಸಿಗಿಸ್ಕೊಂಡು ಬಡಸ್ಕೊಂತ ತಿರುಗೋಳು.

ಡಿಪಾರ್ಟ್‌ಮೆಂಟಿನ್ಯಾಗ ಇಬ್ಬರು ಮೇಡಮ್ಮೋರು ಇದ್ರು. ದೊಡ್ಡ ಮೇಡಮ್ಮು ಅಂದ್ರ ಅಲ್ಲಿಗೆ ಮುಖ್ಯಸ್ಥರು. ಎತ್ತರದ ಆಳು, ಚಪ್ಪಲಿ ಸಪ್ಪಳ ಕೇಳಿದ್ರ ಹುಡುಗ್ರು ಫೋನು ಒಳಗಿಡೋರು. ಕೂಡ್ಲಿಗಿ ಕಡೆ ಯಾವುದೋ ಹಳ್ಳ್ಯಾಗ ಮದುವಿ ಗೊತ್ತಾತು ಅಂತ ಹುಡುಗಿನ್ನ ಓದು ಬಿಡಿಸಿದ್ರ, ಬಸ್ಸು ಹತ್ತಿ ಆ ಮನಿಗೇ ಹೋಗೋರು. ಅಪ್ಪನ ಜೋಡಿ ಜಗಳ ಆಡ್ತಿರಲಿಲ್ಲ. ಹಾಕಿದ್ದು ಉಂಡು, ಕೈ ಒರಸ್ಕೊಂತ, ಸೋಮವಾರ ಹುಡುಗಿನ್ನ ಕಳಿಸ್ರಿ ಅನ್ನೋರು. ಮನ್ಯಾಗ ಉಂಡೋರಿಗೆ ಇಲ್ಲ ಅನ್ನಾಕ ಬರ್ತಿರಲಿಲ್ಲ. ಹಂಗ ತಿರುಗಿ ಬಂದ ಹುಡುಗ್ಯಾರಿಗೆ ನಾನು ರೊಟ್ಟಿ ಹಾಕೀನಿ.

ಸಣ್ಣ ಮೇಡಮ್ಮು ಕೊಟ್ಟೂರಿನೋರು. ಹಣಿ ಮ್ಯಾಲೆ ತೆಳ್ಳಗ ವಿಭೂತಿ, ಮಾತು ಮೆಲ್ಲಗ. ಪಿಎಚ್‌ಡಿ ಹುಡುಗ್ಯಾರಿಗೆ ಗೈಡು. ಬರೆದು ಕೊಟ್ಟದ್ದನ್ನ ಕೆಂಪು ಪೆನ್ನಿನ್ಯಾಗ ಗೀಚಿ ತಿರುಗಿ ಕೊಡೋರು. ಹುಡುಗ್ಯಾರು ಹಾಸ್ಟೆಲಿಗೆ ಬಂದು ಬೈಯೋರು, ಅಳೋರು, ಮತ್ತ ಬರೆಯಾಕ ಕುಂದ್ರೋರು. ಅವರ ಕೈಯಾಗ ಓದಿದ ಯಾರೂ ಅರ್ಧಕ್ಕ ಬಿಟ್ಟು ಹೋಗಿಲ್ಲ.

ನನ್ನ ಗಳಿಕಿಗೆ ಕಲ್ಲು ಹಾಕಿದೋರು ಈ ಸಣ್ಣ ಮೇಡಮ್ಮು. ಇನ್ನ ಮ್ಯಾಲೆ ಪರೀಕ್ಷೆ ಕೊಡೋರ ಮನಿ ಊಟ ಯಾರೂ ಉಣ್ಣಬಾರದು, ಎಲ್ಲಾರೂ ತಮ್ಮ ಡಬ್ಬಿ ತರಬೇಕು, ಹೊರಗಿಂದ ಬಂದೋರಿಗೆ ಹಾಸ್ಟೆಲಿನ್ಯಾಗ ಹುಡುಗ್ಯಾರು ಏನು ಉಣ್ತಾರೋ ಅದನ್ನ ಹಾಕಬೇಕು, ಪಾಸಾತು ಅನ್ನೋದನ್ನ ಊಟಕ್ಕ ಮೊದಲೇ ಹೇಳಬೇಕು ಅಂತ ಮೀಟಿಂಗಿನ್ಯಾಗ ನಿಯಮ ಮಾಡಿಸಿದ್ರು. ತಮ್ಮ ವೈವಾದಾಗ ಬಂದ ಸರ್ರು ಇವರು ಬರೆದದ್ದರ ಬಗ್ಗೆ ಒಂದು ಮಾತು ಆಡದ, ಹೋಳಿಗಿ ಬಗ್ಗೆ ಅಷ್ಟ ಆಡಿದ್ರಂತ. ಅದು ಅವರ ಹೊಟ್ಟ್ಯಾಗ ಇತ್ತು. ದೊಡ್ಡ ಮೇಡಮ್ಮಿಗೆ ಈ ನಿಯಮ ಸೇರಲಿಲ್ಲ. ನಮ್ಮ ಕಡೆ ಉಣ್ಣಲ್ಲ ಅಂದ್ರ ಮುಖಕ್ಕ ಹೊಡೆದಂಗ ಅಂದ್ರು. ಬಾಳ ಮಂದಿ ಕೈ ಎತ್ತಿದ್ರು ಅಂತ ಒಪ್ಪಿಕೊಂಡ್ರು. ನಾನು ಅಡಿಗಿಮನ್ಯಾಗ ಸಣ್ಣ ಮೇಡಮ್ಮಿಗೆ ಬಾಯಿಗೆ ಬಂದಂಗ ಅಂದೆ. ಕೇಳಿಸ್ಕೊಳ್ಳಾಕ ಅವರು ಅಲ್ಲಿರಲಿಲ್ಲ.

ನಿಯಮ ಬಂದ ಮ್ಯಾಲೆ ಮೊದಲ ವೈವಾ ಹಡಗಲಿ ಕಡೆಯ ಒಬ್ಬ ಹುಡುಗೀದು. ಅಪ್ಪ ಬಸ್ಸಿನ ಕಂಡಕ್ಟರ್, ತಾಯಿ ಮಲ್ಲಿಗಿ ತೋಟದಾಗ ಹೂವು ಬಿಡಸೋಳು. ಮನ್ಯಾಗ ಬುದ್ಧನ ಪಟ ಇಟ್ಟೋರು. ಊರ ಹೊರಗಿನ ಕೇರಿ. ಆ ಕೇರಿ ಮನಿ ರೊಟ್ಟಿ ಊರೊಳಗಿನೋರು ತಿನ್ನಲ್ಲ. ಈಗ ಹಂಗೇನಿಲ್ಲ ಅಂತ ಬಾಯಾಗ ಎಲ್ಲಾರೂ ಅಂತಾರ, ಉಣ್ಣೋ ಹೊತ್ತಿಗೆ ಏನರ ನೆವ ಹೇಳಿ ಎದ್ದು ಹೊಕ್ಕಾರ. ಇದು ನಮ್ಮ ಕಡೆ ಸಣ್ಣ ಹುಡುಗ್ರಿಗೂ ಗೊತ್ತು.

ಹುಡುಗಿ ಅವ್ವಗ ನಿಯಮ ಹೇಳಿದ್ಲಂತ. ಬ್ಯಾಡ ಅಂತ ಎಲ್ಲಾರೂ ಅಂತಾರ, ಒಯ್ದ ಮ್ಯಾಲೆ ತಿಂತಾರ ಅಂತ ತಾಯಿ ಕೇಳಲಿಲ್ಲ. ಖಡಕ್ ರೊಟ್ಟಿ, ಎಣ್ಣಿ ಹೋಳಿಗಿ, ಬದನಿಕಾಯಿ, ಚಟ್ನಿ ಎಲ್ಲಾ ದೊಡ್ಡ ಬುತ್ತಿ ಗಂಟು ಕಟ್ಟಿಕೊಂಡು, ಮ್ಯಾಲೆ ಬಾಳಿ ಎಲ್ಯಾಗ ಮಲ್ಲಿಗಿ ದಂಡಿ ಇಟ್ಕೊಂಡು ಮೊದಲ ಬಸ್ಸಿಗೆ ಬಂದ್ಲು. ವರಾಂಡದಾಗ ಗೋಡಿಗೆ ಒರಗಿ ಕುಂತ್ಲು. ಒಳಗ ಮಗಳು ನಿಂತು ಮಾತಾಡೋದು ಬಾಗಿಲ ಸಂದಿಯಾಗ ಕೇಳ್ತಿತ್ತು. ತಾಯಿಗೆ ತಿಳೀತೋ ಇಲ್ಲೋ, ಕಣ್ಣೆವಿ ಬಡೀದಂಗ ಕೇಳ್ತಿದ್ಲು.

ವೈವಾ ಸುರು ಆಗೋ ಮೊದಲು ಸಣ್ಣ ಮೇಡಮ್ಮು ಬಂದಾಗ ಆ ತಾಯಿ ಎದ್ದು ಹೂವು ಕೊಟ್ಟಿದ್ಲು. ಮೇಡಮ್ಮು ಇಸ್ಕೊಂಡ್ರು. ಮುಡಕೊಂಡ್ರು. ದೊಡ್ಡ ಮೇಡಮ್ಮಿಗೂ ಒಂದು ತುಂಡು ಹರಿದು ಕೊಟ್ರು. ಇದನ್ನ ನಾನು ಕಣ್ಣಾರೆ ನೋಡೀನಿ.

ಪರೀಕ್ಷೆ ಚಲೋ ಆತಂತ. ಹೊಸ ನಿಯಮದಂಗ ಅಲ್ಲೇ ಪಾಸಾತು ಅಂದ್ರು, ಚಪ್ಪಾಳಿ ಹೊಡೆದ್ರು. ಇನ್ನ ಮ್ಯಾಲೆ ಈ ಹುಡುಗಿ ನಮ್ಮಲ್ಲೇ ಗೆಸ್ಟ್ ಲೆಕ್ಚರರ್ ಆಗಿ ಪಾಠ ಹೇಳ್ತಾಳ ಅಂತ ದೊಡ್ಡ ಮೇಡಮ್ಮು ಎಲ್ಲಾರ ಮುಂದ ಹೇಳಿದ್ರು. ತಾಯಿ ಖುಷೀಲಿ ಒಳಗ ಹೋಗಿ ಮೇಜಿನ ಮ್ಯಾಲೆ ಗಂಟು ಬಿಚ್ಚಿದ್ಲು. ಹೋಳಿಗಿ ವಾಸನಿಗೆ ಹೊರಗಿನ ಸರ್ರು ಕುರ್ಚಿ ಮುಂದಕ್ಕ ಎಳಕೊಂಡ್ರು.

ಸಣ್ಣ ಮೇಡಮ್ಮು ಎದ್ದು ನಿಂತು ಮೆಲ್ಲಗ, ತಪ್ಪು ತಿಳೀಬ್ಯಾಡ್ರಿ ಯಮ್ಮಾ, ಇಲ್ಲಿ ಯಾರೂ ಉಣ್ಣಂಗಿಲ್ಲ, ನಿಯಮ ಐತಿ ಅಂದ್ರು. ಸರ್ರು ಕುರ್ಚಿ ಹಿಂದಕ್ಕ ಒಯ್ದ್ರು. ಆಫೀಸಿನೋರು ತಮ್ಮ ಡಬ್ಬಿ ಮುಚ್ಚಳ ತೆಗೆಯೋದೋ ಬಿಡೋದೋ ಅಂತ ಹಿಡ್ಕೊಂಡು ಕುಂತ್ರು. ಆ ತಾಯಿ ಎಲ್ಲಾರ ಮುಖ ನೋಡಿದ್ಲು. ಆಮ್ಯಾಲೆ ಮೇಡಮ್ಮಿನ ತಲಿ ನೋಡಿದ್ಲು.

"ಹೂವು ಮುಡಕೊಂಡ್ರಿ. ರೊಟ್ಟಿ ಬ್ಯಾಡ. ಹೂವಿಗೆ ಮೈಲಿಗಿ ಇಲ್ಲೇನ್ರಿ ಮೇಡಮ್ಮೋರೆ?"

ಸಣ್ಣ ಮೇಡಮ್ಮಿನ ಕೈ ತಲಿಗೆ ಹೋತು, ಹೂವಿನ ಮ್ಯಾಲೆ ನಿಂತುಬಿಟ್ತು. ಅವರಿಗೆ ಅದು ಹೊಳೆದೇ ಇರಲಿಲ್ಲ. ನಿಯಮ ಮಾಡುವಾಗ ಎಲ್ಲಾ ವಿಚಾರ ಮಾಡಿದ್ರು, ಮೊದಲು ತಿರುಗಿ ಹೋಗೋ ಬುತ್ತಿ ಯಾರದು ಅನ್ನೋದನ್ನ ವಿಚಾರ ಮಾಡಿರಲಿಲ್ಲ.

"ಹಂಗಲ್ಲ ಯಮ್ಮಾ" ಅಂದ್ರು.

"ಹಂಗಲ್ಲ ಅಂದ್ರ ತಿನ್ರಿ."

ದೊಡ್ಡ ಮೇಡಮ್ಮು ಸಣ್ಣಗ, ಒಂದು ತುತ್ತು ತಿಂದುಬಿಡು ಮಾರಾಯ್ತಿ ಅಂದ್ರು. ಸಣ್ಣ ಮೇಡಮ್ಮು ನಿಂತಲ್ಲೇ ನಿಂತ್ರು. ಇವತ್ತು ತಿಂದ್ರ ನಿಯಮ ಇವತ್ತಿಗೇ ಮುಗೀತು, ಮುಂದಿನೋರು ಹೋಳಿಗಿ ಹೊತ್ಕೊಂಡೇ ಬರ್ತಾರ. ತಿನ್ನದಿದ್ರ ಈ ತಾಯಿ ಹೇಳಿದ್ದೇ ಖರೆ ಅಂತ ಆಗ್ತೈತಿ. ಅವರು ತಿನ್ನಲಿಲ್ಲ. ನನಗ ಆಗ ಸಣ್ಣ ಮೇಡಮ್ಮಿನ ಮ್ಯಾಲೆ ಸಿಟ್ಟು ಬಂತು.

ತಾಯಿ ಗಂಟು ತಿರುಗಿ ಕಟ್ಟಿದ್ಲು. ಕಟ್ಟೋದ್ರಾಗ ಅವಸರ ಇರಲಿಲ್ಲ, ಹೋಳಿಗಿ ಮುರೀದಂಗ ಕಟ್ಟಿದ್ಲು.

"ಆತು ಬಿಡ್ರಿ. ನಿಮ್ಮ ಮಂದಿ ಮಗಳು ಪರೀಕ್ಷೆಗೆ ಬರಲಿ. ಅವತ್ತೂ ಹಿಂಗ ನಿಲ್ತೀರೇನು ನೋಡ್ತೀನಿ."

ಹಾಸ್ಟೆಲ್ ಹುಡುಗ್ಯಾರಿಗರ ಕೊಡು ಯವ್ವಾ ಅಂತ ನಾನು ಕೇಳಿದೆ. ನನ್ನ ಕಡೆ ತಿರುಗಿ ಸೈತ ನೋಡಲಿಲ್ಲ. ಹುಡುಗಿ ಫೋಟೋಕ್ಕೂ ನಿಲ್ಲದ ಅವ್ವನ ಹಿಂದ ಹೋದ್ಲು. ಆಮ್ಯಾಲೆ ಪಾಠಕ್ಕ ಬರ್ತಾಳ ಅಂತ ಕಾದ್ರು, ಬರಲಿಲ್ಲ. ಸಣ್ಣ ಮೇಡಮ್ಮು ಫೋನು ಮಾಡಿದ್ರ, ಅವ್ವ ಬ್ಯಾಡ ಅಂದಾಳ್ರಿ ಅಂದ್ಲಂತ. ಅವಳ ಕ್ಲಾಸನ್ನ ಸಣ್ಣ ಮೇಡಮ್ಮು ತಾವೇ ತಗೊಂಡ್ರು, ತಮ್ಮ ಕ್ಲಾಸಿನ ಮ್ಯಾಲೆ ಅದೊಂದು. ಬ್ಯಾರೆಯವರನ್ನ ತಗೋರಿ ಅಂತ ಆಫೀಸಿನೋರು ಅಂದ್ರು. ದೊಡ್ಡ ಮೇಡಮ್ಮು, ಆ ಕುರ್ಚಿಗೆ ಆಳು ಐತಿ, ಬರೋದು ತಡ ಆಗೈತಿ ಅಷ್ಟ ಅಂದ್ರು. ಇಬ್ಬರೂ ಇದ್ರ ಸಲುವಾಗಿ ಬಾಗಿಲು ಹಾಕ್ಕೊಂಡು ಜಗಳ ಆಡಿದ್ದು ನನಗ ಗೊತ್ತೈತಿ, ಚಾ ಒಯ್ದೋಳು ನಾನ. ನಿನ್ನ ನಿಯಮದಿಂದ ಚಲೋ ಹುಡುಗಿ ಹೋದ್ಲು ಅಂತ ದೊಡ್ಡೋರು. ಸಣ್ಣೋರು ಚಾನೂ ಕುಡೀಲಿಲ್ಲ.

ಮುಂದಿನ ವೈವಾ ಹರಪನಹಳ್ಳಿ ಮೆಕ್ಕಿಜೋಳದ ವ್ಯಾಪಾರಸ್ತರ ಮಗಳದು ಬಂತು. ಅವರು ಸಣ್ಣ ಮೇಡಮ್ಮಿಗೆ ಬೀಗರಾಗಬೇಕು, ತಂಗಿ ಕೊಟ್ಟ ಮನಿ ಕಡೆಯೋರು. ಆ ಯಜಮಾನ ನನ್ನ ಮನಿ ಹುಡುಕ್ಕೊಂಡು ಬಂದು ಅಡಿಗಿಗೆ ಹೇಳಿದ. ನಿಯಮ ಐತಲ್ರಿ ಅಂದೆ. ಅದೆಲ್ಲಾ ಬ್ಯಾರೆಯವರಿಗೆ ಅಂದ. ನನಗ ಕೆಲಸ ಸಿಕ್ತು, ಬ್ಯಾಡ ಅನ್ನಾಕ ನನಗೇನು ಹುಚ್ಚೇ? ಅವರ ಮನ್ಯಾಗ ನಸುಕಿನಿಂದ ಮಾಡಿದೆ. ಹೋಳಿಗಿ ಅಂದ್ರ ಹೋಳಿಗಿ, ಕೈಯಾಗ ಹಿಡಿದ್ರ ಹರೀಬೇಕು, ಹಂಗ. ಪಾತ್ರಿ ಎಲ್ಲಾ ಟೆಂಪೋದಾಗ ಏರಿಸಿ, ನಾನು ಸಾರಿನ ಪಾತ್ರಿ ಹಿಡ್ಕೊಂಡು ಕುಂತು ಬಂದೆ.

ಗೇಟಿನ್ಯಾಗ ಸಣ್ಣ ಮೇಡಮ್ಮು ನಿಂತಿದ್ರು. ಒಳಗ ಬಿಡಂಗಿಲ್ಲ ಅಂದ್ರು. ಯಜಮಾನ ನಕ್ಕ. ಮನಿ ಮಂದಿಗೆ ಎಂಥಾ ನಿಯಮ ತಂಗಿ, ಬೀಗರ ಊಟ ಅಂತ ತಿಳಕೋ ಅಂದ. ಇವರು ನಗಲಿಲ್ಲ. ಅವನು ಮೀಸಿ ಕೆಳಗ ಏನೋ ಅಂದು, ಫೋನು ತಗದು ಯಾರೋ ಮ್ಯಾಲಿನೋರಿಗೆ ಮಾಡಿದ. ಮಾತಾಡಿ, ತಗೋರಿ, ನೀವ ಕೇಳ್ರಿ ಅಂತ ಫೋನು ಮುಂದ ಹಿಡಿದ.

ಆ ಹೊತ್ತಿಗೆ ದೊಡ್ಡ ಮೇಡಮ್ಮು ಬಂದಿದ್ರು. ಫೋನು ಅವರು ಇಸ್ಕೊಂಡ್ರು. ಆ ಕಡೆಯೋರು ಏನಂದ್ರೋ ನನಗ ಕೇಳಿಸಲಿಲ್ಲ. ಇವರು ಅಂದದ್ದು ಟೆಂಪೋದ ಡ್ರೈವರನಿಗೂ ಕೇಳಿಸ್ತು.

"ಸರ್, ಈ ನಿಯಮ ನನಗೂ ಸೇರಲ್ಲ. ನಾನು ಕೈ ಎತ್ತಿದೋಳಲ್ಲ. ಆದ್ರ ಹಡಗಲಿ ತಾಯಿ ಬುತ್ತಿ ತಿರುಗಿ ಕಳಿಸೀವಿ. ಇವರದು ಒಳಗ ಬಿಟ್ರ ನಾಳೆ ನಾನು ಆ ಹುಡುಗಿ ಮುಖ ನೋಡಂಗಿಲ್ಲ. ಬೇಕಾದ್ರ ನನ್ನ ಬದಲಿ ಮಾಡ್ರಿ, ಊಟ ಒಳಗ ಬರಂಗಿಲ್ಲ."

ಫೋನು ಯಜಮಾನಗ ತಿರುಗಿ ಕೊಟ್ಟು, ಟೆಂಪೋ ತಿರುಗಿಸಪ್ಪಾ ಅಂದ್ರು. ಯಜಮಾನ ಸಣ್ಣ ಮೇಡಮ್ಮಿಗೆ, ಇನ್ನ ನಮ್ಮ ಮನಿ ಹೊಸ್ತಿಲು ತುಳೀಬ್ಯಾಡ ಅಂದ. ಅವರು ಆತ್ರಿ ಅಂದ್ರು. ಅಷ್ಟ ಮಾತು.

ಅಷ್ಟೆಲ್ಲಾ ಅಡಿಗಿ ಎಲ್ಲಿ ಒಯ್ಯಬೇಕು? ಹರಪನಹಳ್ಳಿ ಮಾರ್ಕೆಟ್ಟಿನ್ಯಾಗ ಮೆಕ್ಕಿಜೋಳದ ಚೀಲ ಹೊರೋ ಹಮಾಲರಿಗೆ ಬಡಿಸಿದೆ. ಯಾರ ಮದುವಿ ಅಜ್ಜಿ ಅಂತ ಕೇಳಿದ್ರು. ವೈವಾ ಅಂದೆ. ವಾರಕ್ಕೊಂದು ವೈವಾ ಆಗಲಿ ಬಿಡು ಅಂತ ಮತ್ತೊಂದು ಹೋಳಿಗಿ ಹಾಕಿಸ್ಕೊಂಡ್ರು. ಇತ್ಲಾಗ ವ್ಯಾಪಾರಸ್ತರ ಮಗಳು ಹಾಸ್ಟೆಲಿನ ಚಿತ್ರಾನ್ನ ತಿಂದು ಪಾಸಾಗಿದ್ಲು. ಬುದ್ಧಿವಂತಿ, ಹೋಳಿಗಿ ಬೇಕಿರಲಿಲ್ಲ ಅವಳಿಗೆ.

ಒಂದು ದಿನ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ್ಯಾಗ ಆ ತಾಯಿ ಸಿಕ್ಕಳು. ಹೂವಿನ ಬುಟ್ಟಿ ಖಾಲಿ ಮಾಡಿ ಹಡಗಲಿ ಬಸ್ಸಿಗೆ ಕಾಯ್ತಿದ್ಲು. ನನ್ನ ಗುರುತು ಹಿಡಿದ್ಲು, ಮಾತಾಡಾಕ ಮನಸಿರಲಿಲ್ಲ. ನಾನ ಹೋಗಿ ಪಕ್ಕದಾಗ ಕುಂತು, ಕೇಳದಿದ್ರೂ ಎಲ್ಲಾ ಹೇಳಿದೆ.

"ತಿಂದೇ ಇಲ್ಲೇನು?" ಅಂದ್ಲು.

"ಇಲ್ಲಬೇ. ಹಮಾಲರು ತಿಂದ್ರು."

"ಬೀಗರಂತೀ ಮತ್ತ?"

"ಬೀಗರ. ಈಗ ಹೋಗೋದು ಬರೋದು ಇಲ್ಲ. ತಂಗಿ ಫೋನು ಸೈತ ಮಾಡಲ್ಲಂತ."

"ಖರೇನ ಹೇಳ್ತೀಯೋ, ಅವರು ಹೇಳಿ ಕಳಿಸ್ಯಾರೋ?"

"ಹೋಳಿಗಿ ಮಾಡಿದೋಳು ನಾನು. ಯಾರೂ ತಿನ್ನಲಿಲ್ಲ ಅಂತ ಸುಳ್ಳು ಹೇಳಿದ್ರ ಹೆಸರು ಕೆಡೋದು ನಂದು."

ಅವಳು ಬುಟ್ಟಿಯಾಗಿನ ಒಣ ಎಲಿ ಕೊಡವಿದ್ಲು. ಬಸ್ಸು ಬಂತು, ಹತ್ತಿದ್ಲು. ಬರ್ತೀನಿ ಅಂತನೂ ಅನ್ನಲಿಲ್ಲ.

ಆಮ್ಯಾಲೆ ಒಂದು ಸೋಮವಾರ ಮಗಳನ್ನ ಕರ್ಕೊಂಡು ಬಂದ್ಲು. ಹುಡುಗಿ ಹೊಸ ಕಾಟನ್ ಸೀರಿ ಉಟ್ಟು ಕ್ಲಾಸಿಗೆ ಹೋದ್ಲು. ಸುರುವಿಗೆ ದನಿ ನಡುಗ್ತಿತ್ತು, ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನ್ನ ಗದರಿಸಿದ್ಲು. ತಾಯಿ ಅದೇ ವರಾಂಡದಾಗ ಅದೇ ಗೋಡಿಗೆ ಒರಗಿ ಕುಂತಿದ್ಲು. ಪಕ್ಕದಾಗ ಗಂಟು ಇತ್ತು. ನಾನು ಅಲ್ಲೇ ಅಕ್ಕಿ ಆರಿಸ್ಕೊಂತ ಕುಂತೆ.

ಮಧ್ಯಾಹ್ನ ಸಣ್ಣ ಮೇಡಮ್ಮು ತಮ್ಮ ಡಬ್ಬಿ ಹಿಡ್ಕೊಂಡು ಬಂದ್ರು. ತಾಯಿನ್ನ ನೋಡಿ ನಿಂತ್ರು. ಕ್ಷಮಾ ಮಾಡ್ರಿ ಅಂತ ಅವರೂ ಅನ್ನಲಿಲ್ಲ, ತಪ್ಪು ತಿಳಕೊಂಡೆ ಅಂತ ಇವಳೂ ಅನ್ನಲಿಲ್ಲ.

"ಇವತ್ತು ಯಾರದರ ಪರೀಕ್ಷೆ ಐತೇನ್ರಿ?" ಅಂತ ತಾಯಿ ಕೇಳಿದ್ಲು.

"ಇಲ್ರಿ ಯಮ್ಮಾ. ಯಾರದೂ ಇಲ್ಲ."

"ಹಂಗಾದ್ರ ಕೈ ತೊಳ್ಕೊಂಡು ಬರ್ರಿ."

ಮೇಡಮ್ಮು ಬಂದು ನೆಲದ ಮ್ಯಾಲೆ ಕುಂತ್ರು. ದೊಡ್ಡ ಮೇಡಮ್ಮಿಗೆ ಯಾರು ಹೇಳಿದ್ರೋ, ಅವರೂ ಬಂದು ಕುಂತು, ಯಾರೂ ಕರೆಯೋ ಮೊದಲೇ ಹೋಳಿಗಿಗೆ ಕೈ ಹಾಕಿದ್ರು. ಸಣ್ಣೋರು ರೊಟ್ಟಿ ಮುರಕೊಂಡು ತಿನ್ನುವಾಗ ತಾಯಿ ಅವರ ಬಾಯಿ ನೋಡಲಿಲ್ಲ, ಮಗಳ ಕ್ಲಾಸಿನ ಬಾಗಿಲು ನೋಡ್ತಿದ್ಲು. ಇನ್ನೊಂದು ರೊಟ್ಟಿ ಹಾಕಿದ್ಲು, ಬೇಕೇನು ಅಂತ ಕೇಳಲಿಲ್ಲ.

ನನಗೂ ಒಂದು ಕೊಟ್ಟಳು. ತಿಂದೆ. ರೊಟ್ಟಿ ತೆಳ್ಳಗ, ಚಲೋ ಇತ್ತು. ಚಟ್ನಿಗೆ ಉಪ್ಪು ಮುಂದಾಗಿತ್ತು, ಹೇಳಿದೆ.

"ಚಟ್ನಿ ಬಿಟ್ಟು ರೊಟ್ಟಿ ತಿನ್ನು. ನಿನ್ನ ಬಾಯಿ ಏನು ನನಗ ಹೊಸದೇನು" ಅಂದ್ಲು.