ಬುಲೆಟ್ಟಿನ ಚಾವಿಗೆ ಕಟ್ಟಿದ ಪಂಚಾಯಿತಿ

ನಾನು ಅಧ್ಯಕ್ಷೆಯಾಗಿದ್ದಾಗ ನಮ್ಮ ಗ್ರಾಮ ಪಂಚಾಯಿತಿಯ ಖಜಾನೆ ಒಂದು ಕಡೆ ನಿಂತದ್ದೇ ಇಲ್ಲ. ಬೆಳಿಗ್ಗೆ ಕಬ್ಬಿನ ಹೊಲದಲ್ಲಿರುತ್ತಿತ್ತು, ಮಧ್ಯಾಹ್ನ ನಿಪ್ಪಾಣಿಯ ಗೊಬ್ಬರದಂಗಡಿಯ ಮುಂದೆ, ಸಂಜೆ ಕೊಗನೊಳ್ಳಿಯ ಹೆದ್ದಾರಿ ಧಾಬಾದಲ್ಲಿ. ರವಿವಾರ ಬಂದರೆ ಮಂಗಸೂಳಿಯ ಮಲ್ಲಯ್ಯನ ದರ್ಶನವನ್ನೂ ಮಾಡಿಕೊಂಡು, ಭಂಡಾರದ ಅರಿಶಿನ ಹಚ್ಚಿಸಿಕೊಂಡು ಬರುತ್ತಿತ್ತು. ಅಧ್ಯಕ್ಷೆಯಾದ ನಾನು ಅಷ್ಟು ಊರು ತಿರುಗಿದವಳಲ್ಲ.

ಸಂಗತಿ ಇಷ್ಟೇ. ಈಗ ಪಂಚಾಯಿತಿಗಳಲ್ಲಿ ಚೆಕ್ಕಿಗೆ ಸಹಿ ಹಾಕುವ ಕಾಲ ಮುಗಿದಿದೆ. ಹೆಬ್ಬೆರಳಿನಷ್ಟಿರುವ ಎರಡು ಡೋಂಗಲ್‌ಗಳಿವೆ. ಒಂದು ಪಿಡಿಓ ಸಾಹೇಬರದು, ಇನ್ನೊಂದು ಅಧ್ಯಕ್ಷರದು. ಎರಡನ್ನೂ ಕಂಪ್ಯೂಟರಿಗೆ ಸಿಕ್ಕಿಸಿದರೆ ಮಾತ್ರ ಬಿಲ್ಲು ಪಾಸಾಗುತ್ತದೆ. ಪಾಸ್‌ವರ್ಡ್ ದೊಡ್ಡ ಗುಟ್ಟೇನಲ್ಲ, ಆಫೀಸಿನ ಗೋಡೆಯ ಮೇಲೆ ಯಾರೋ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಡೋಂಗಲ್ ಯಾರ ಕೈಯಲ್ಲಿದೆಯೋ ಊರು ಅವರ ಕೈಯಲ್ಲಿ.

ನನ್ನ ಡೋಂಗಲ್ ತಾಲ್ಲೂಕು ಕಚೇರಿಯಿಂದ ಬಂದ ದಿನವೇ ಉಪಾಧ್ಯಕ್ಷರು ಕೈ ಚಾಚಿದರು. ಅವರು ಊರಿನ ದೊಡ್ಡ ಕಬ್ಬಿನ ಜಮೀನಿನವರು, ವಯಸ್ಸಿನಲ್ಲೂ ಹಿರಿಯರು. ನಾವೆಲ್ಲ ಅವರನ್ನು ಅಣ್ಣಾರು ಎನ್ನುತ್ತೇವೆ.

"ತಂಗೆವ್ವಾ, ಹೆಣ್ಮಕ್ಕಳ ಕೈಯಾಗ ಇಂಥಾ ನಾಜೂಕ ಸಾಮಾನ ನಿಂದ್ರೂದಿಲ್ಲ. ನಾಳೆ ಹಿಟ್ಟಿನ ಡಬ್ಯಾಗ ಬಿತ್ತಂದ್ರ ಸರಕಾರಕ್ಕ ಏನ ಹೇಳ್ತಿ? ತಾ ಇಲ್ಲೆ."

ತೆಗೆದುಕೊಂಡು ತಮ್ಮ ಬುಲೆಟ್ಟಿನ ಚಾವಿಯ ರಿಂಗಿಗೆ ಸೇರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಧಡಧಡ ಎನ್ನುತ್ತ ಮೂಲೆ ದಾಟಿತ್ತು. ಮೈಯೆಲ್ಲ ಉರಿಯಿತು. ನನ್ನ ಡಬ್ಬಿಯಲ್ಲಿ ಹಿಟ್ಟೇ ತಿಂಗಳ ಕೊನೆಯವರೆಗೆ ನಿಲ್ಲುವುದಿಲ್ಲ, ಡೋಂಗಲ್ ಎಲ್ಲಿ ಬಿದ್ದೀತು!

ಬಾಯಿ ಮುಚ್ಚಿಕೊಂಡಿದ್ದಕ್ಕೆ ಕಾರಣವಿತ್ತು. ನಮ್ಮ ಕೆಳಗಿನ ಓಣಿಗೆ ನಳವಿರಲಿಲ್ಲ. ಅಣ್ಣಾರ ಹೊಲದ ಬೋರಿನ ನೀರೇ ಗತಿ. ಸಂಜೆ ಅವರಿಗೆ ಮನಸ್ಸು ಬಂದಾಗ ಮೋಟಾರ್ ಚಾಲೂ ಆಗುತ್ತಿತ್ತು. ಅಲ್ಲಿಯವರೆಗೆ ಓಣಿಯ ಹೆಂಗಸರು ಕೊಡ ಹಿಡಿದು ಬದುವಿನ ಮೇಲೆ ನಿಲ್ಲಬೇಕು. ನನ್ನ ಅತ್ತೆಯೂ ಮೊಣಕಾಲು ನೋವಿನಲ್ಲೇ ನಿಲ್ಲುತ್ತಿದ್ದರು. ಅದನ್ನು ನೋಡಲಾಗದೆಯೇ ನಾನು ಚುನಾವಣೆಗೆ ನಿಂತದ್ದು. ಓಣಿಗೆ ನಳ ತರುತ್ತೇನೆಂದು ಮಾತು ಕೊಟ್ಟು ಗೆದ್ದದ್ದು.

ಗ್ರಾಮಸಭೆಯಲ್ಲಿ ಪೈಪ್‌ಲೈನ್ ಮಂಜೂರಾಯಿತು. ಗುತ್ತಿಗೆದಾರ ಬಂದು ಓಣಿಯುದ್ದಕ್ಕೂ ತೆಗ್ಗು ತೋಡಿ, ಅರ್ಧ ಪೈಪು ಹಾಕಿ, ಮೊದಲ ಬಿಲ್ಲು ಬರಲಿ ಎಂದು ಕೈಕಟ್ಟಿ ಕುಳಿತ. ಅಣ್ಣಾರು ಡೋಂಗಲ್ ಕೊಡಲಿಲ್ಲ. ಅವರಿಗೆ ಮೊದಲು ಊರ ಬಾಯಿಗೆ ಸ್ವಾಗತ ಕಮಾನು ಆಗಬೇಕಿತ್ತು, ಅದರ ಮೇಲೆ ಅವರ ತಂದೆಯ ಹೆಸರು ಬರಬೇಕಿತ್ತು.

"ಪಾವಣ್ಯಾರು, ಬೀಗರು ಊರಿಗೆ ಬರ್ತಾರಲ್ಲ, ಅವರಿಗೆ ಊರ ಎಲ್ಲಿ ಚಾಲೂ ಆಗತೈತಿ ಅಂತ ತಿಳೀಬೇಕಲ್ಲಾ, ತಂಗೆವ್ವಾ?"

"ತೆಗ್ಗಿನಾಗ ಬಿದ್ದ ಕೂಡ್ಲೆ ತಿಳೀತೈತಿ ಬಿಡ್ರಿ, ಅಣ್ಣಾರ," ಎಂದೆ. ಅವರು ನಗಲಿಲ್ಲ.

ತೆಗ್ಗು ಹಾಗೇ ಬಾಯ್ದೆರೆದು ಬಿದ್ದಿತ್ತು. ಕೋಳಿಗಳು ಬಿದ್ದವು, ಒಂದು ಆಡು ಬಿತ್ತು, ಬೇಡಕಿಹಾಳದಿಂದ ಹೆಣ್ಣು ನೋಡಲು ಬಂದಿದ್ದ ವರನ ಸೋದರಮಾವ ಹೊಸ ಧೋತರದೊಂದಿಗೆ ಬಿದ್ದ. ನಮ್ಮ ಮನೆಗೆ ಹೋಗಲು ಒಂದು ಹಲಗೆ ಹಾಕಿದ್ದೆವು. ಅತ್ತೆ ಅದರ ಮೇಲೆ ಕಾಲಿಟ್ಟಾಗಲೆಲ್ಲ ನನ್ನ ಅಧ್ಯಕ್ಷಗಿರಿಯನ್ನು ಬೈದು ಉದ್ಧಾರ ಮಾಡುತ್ತಿದ್ದರು.

ಪಿಡಿಓ ಸಾಹೇಬರ ಬಳಿ ಹೋದೆ. ಅವರು ಸಜ್ಜನರು, ಯಾರು ಎದುರಿಗೆ ಕುಳಿತರೂ ಹೌದ್ರಿ ಎನ್ನುವವರು.

"ಹೊಸ ಡೋಂಗಲ್ ತರಸಬಹುದ್ರಿ, ಮೇಡಂ. ಆದ್ರ ಹಳೇದು ಕಳದೈತಿ ಅಂತ ನೀವು ಪೊಲೀಸ್ ಠಾಣೆಯೊಳಗ ಬರದ್ ಕೊಡಬೇಕಾಗತೈತಿ."

ಅದೇ ಹೊತ್ತಿಗೆ ಕಿಟಕಿಯಾಚೆ ಬುಲೆಟ್ ಹೋಯಿತು.

"ಕಳದಿಲ್ಲಲ್ರಿ ಸಾಹೇಬ್ರ, ಅದೇ ಹೊಂಟೈತಿ ನೋಡ್ರಿ."

"ಹೌದ್ರಿ," ಎಂದು ಅವರು ಫೈಲಿನಲ್ಲಿ ಮುಖವಿಟ್ಟರು.

ನನ್ನ ಗಂಡ ಬಸ್ ಕಂಡಕ್ಟರ್. ರಾಯಬಾಗ, ಅಥಣಿ ಎಂದು ದಿನವಿಡೀ ಬಸ್ಸಿನಲ್ಲಿ ಜನರಿಗೆ ಜೋರು ಮಾಡುವವರು ಮನೆಗೆ ಬಂದರೆ ಮೆತ್ತಗಾಗುತ್ತಾರೆ. "ದೊಡ್ಡಾವ್ರ ಗೊಡವಿ ನಮಗ್ಯಾಕ? ಸಿಟ್ಟಿಗೆದ್ದು ಮೋಟಾರ್ ಬಂದ್ ಮಾಡಿದ್ರ ಓಣಿ ಮಂದಿ ನಿನ್ನನ್ನ ಬೈತಾರ ನೋಡ," ಎಂದರು. ಹೇಳಿದ್ದು ಸುಳ್ಳಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಮನೆಯ ಖಜಾನೆಯ ಕಥೆಯನ್ನೂ ಹೇಳಬೇಕು. ಗಂಡನ ಪಗಾರ ಅತ್ತೆಯ ಟ್ರಂಕಿನಲ್ಲಿರುತ್ತದೆ, ಟ್ರಂಕಿನ ಚಾವಿ ಅತ್ತೆಯ ಸೊಂಟದಲ್ಲಿ, ಎಲೆ ಅಡಿಕೆಯ ಚಂಚಿಯ ಪಕ್ಕದಲ್ಲಿ. ತಾಲ್ಲೂಕು ಪಂಚಾಯಿತಿಯ ಮೀಟಿಂಗಿಗೆ ಚಿಕ್ಕೋಡಿಗೆ ಹೋಗುವ ದಿನ ಊರ ಅಧ್ಯಕ್ಷೆ ಅಲ್ಲಿ ನಿಂತು ಚಹದ ರೊಕ್ಕ ಕೇಳಬೇಕು. "ಮೀಟಿಂಗ್‌ನ್ಯಾಗ ಚಾ ಕೊಡೂದಿಲ್ಲೇನ?" ಎಂದು ವಿಚಾರಣೆಯಾದ ಮೇಲೆ ಗಂಟು ಬಿಚ್ಚುತ್ತಿತ್ತು.

ಹೀಗಿರುವಾಗ ದಸರೆಯ ಖಂಡೇನವಮಿ ಬಂತು. ನಮ್ಮ ಕಡೆ ಅಂದು ಹೊಟ್ಟೆಗೆ ಅನ್ನ ಕೊಡುವ ಆಯುಧಗಳನ್ನೆಲ್ಲ ಪೂಜೆಗೆ ಇಡುತ್ತಾರೆ. ಇಟ್ಟ ಮೇಲೆ ಮರುದಿನ ಬನ್ನಿಗೆ ಹೋಗುವ ಹೊತ್ತಿನವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮ ಪಂಚಾಯಿತಿಯಲ್ಲಿ ಇನ್ನೊಂದು ರೂಢಿ ಇದೆ: ಪೂಜೆ ಮಾಡಿದ ಕೈಯೇ ಒಂದೊಂದು ಆಯುಧವನ್ನೂ ಎತ್ತಿ ಅದನ್ನು ಬಳಸುವವರ ಕೈಗೆ ಕೊಡಬೇಕು. ಪೂಜೆ ಅಧ್ಯಕ್ಷರದು. ಅದಕ್ಕೆ ಡೋಂಗಲ್ ಬೇಡವಾದ್ದರಿಂದ ಆ ಕೆಲಸವನ್ನು ನನಗೆ ಬಿಟ್ಟಿದ್ದರು.

ಅಣ್ಣಾರು ದೇವರಿಗೆ ಬಹಳ ಅಂಜುವವರು. ಬುಲೆಟ್ಟನ್ನು ಆಫೀಸಿನ ಕಟ್ಟೆಯ ಮುಂದೆ ನಿಲ್ಲಿಸಿ, ಚೆಂಡುಹೂವಿನ ಮಾಲೆ ಹಾಕಿಸಿ, ಚಾವಿಯ ರಿಂಗನ್ನು ಡೋಂಗಲ್ ಸಮೇತ ಪೂಜೆಯ ತಾಟಿನಲ್ಲಿಟ್ಟರು. ನಮ್ಮ ಕಂಪ್ಯೂಟರ್, ರಬ್ಬರ್ ಸ್ಟಾಂಪು, ವಾಟರ್‌ಮನ್‌ನ ನಟ್ಟು ತಿರುವುವ ಪಾನಾ, ಕಸಬರಿಗೆ ಎಲ್ಲ ಅದರ ಅಕ್ಕಪಕ್ಕ. ಕುಂಕುಮ ಹಚ್ಚುವಾಗ ಡೋಂಗಲ್‌ಗೂ ಹಚ್ಚಿದೆ. ಎಷ್ಟೋ ದಿನಗಳ ಮೇಲೆ ನನ್ನ ಬೆರಳು ಅದಕ್ಕೆ ತಾಕಿತ್ತು. ಚಾವಿ ಪೂಜೆಯಲ್ಲಿದ್ದುದರಿಂದ ಅಣ್ಣಾರು ಅಂದು ನಡೆದೇ ಮನೆಗೆ ಹೋದರು. ಅವರು ನಡೆಯುವುದನ್ನು ನೋಡಲು ಜನ ಕಟ್ಟೆಗೆ ಬಂದು ನಿಂತಿದ್ದರು.

ಅಂದು ಸಂಜೆ ಅತ್ತೆ ಖಾಲಿ ಕೊಡ ಹಿಡಿದು ಹಲಗೆ ದಾಟಿ ಬಂದರು. ಅಣ್ಣಾರ ಹೊಲದ ಮೋಟಾರೂ ಪೂಜೆಗೆ ಕುಳಿತಿತ್ತಂತೆ. ಹೊತ್ತು ಮುಳುಗುವವರೆಗೆ ಬದುವಿನ ಮೇಲೆ ನಿಂತ ಮೇಲೆ ಯಾರೋ ಹೇಳಿದರಂತೆ. "ಹಬ್ಬದ ದಿನಾ ಸೈತ ನೀರಿಲ್ಲವಾ," ಎಂದು ಕೊಡ ಬೋರಲು ಹಾಕಿ ಕುಳಿತರು. ಬೈಯಲಿಲ್ಲ. ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬೈಯದಿದ್ದುದು ನನ್ನ ಎದೆಗೆ ಬಡಿಯಿತು.

ಮರುದಿನ ಸಂಜೆ ಬನ್ನಿಗೆ ಹೋಗುವ ಮೊದಲು ಎಲ್ಲರೂ ಆಫೀಸಿನಲ್ಲಿ ಸೇರಿದ್ದರು. ನಾನು ಒಂದೊಂದೇ ಎತ್ತಿ ಕೊಟ್ಟೆ. ಪಾನಾ ವಾಟರ್‌ಮನ್‌ಗೆ, ಸ್ಟಾಂಪು ಪಿಡಿಓ ಸಾಹೇಬರಿಗೆ. ಕೊನೆಗೆ ಚಾವಿಯ ರಿಂಗು ಉಳಿಯಿತು. ಅಣ್ಣಾರು ಕೈ ಮುಂದೆ ಮಾಡಿದರು. ನಾನು ಅವಸರ ಮಾಡದೆ ರಿಂಗನ್ನು ಬಿಡಿಸಲು ಕುಳಿತೆ. ಬಿಗಿಯಾಗಿತ್ತು, ಒಂದು ಉಗುರು ಮುರಿಯಿತು. ಬುಲೆಟ್ಟಿನ ಚಾವಿಯನ್ನು ಅವರ ಕೈಯಲ್ಲಿಟ್ಟು, ಡೋಂಗಲ್ಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

"ಇದು ಯಾರದ್ರಿ?"

ಪಿಡಿಓ ಸಾಹೇಬರತ್ತ ನೋಡಿದೆ. ಅವರು ಪ್ರಸಾದದ ಕೊಬ್ಬರಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಅಷ್ಟು ದೊಡ್ಡ ತುಂಡನ್ನು ಯಾರೂ ಹಸಿವಿಗೆ ತಿನ್ನುವುದಿಲ್ಲ.

"ಅಣ್ಣಾರ, ನೀವಾದ್ರೂ ಹೇಳ್ರಿ. ಆಯುಧ ಯಾರದೈತಿ ಅವರ ಕೈಗೇ ಕೊಡಬೇಕು. ಇದು ಯಾರದು?"

ಅಣ್ಣಾರು ದೀಪ ನೋಡಿದರು, ಕುಂಕುಮ ಹಚ್ಚಿಕೊಂಡ ಡೋಂಗಲ್ ನೋಡಿದರು. ನನ್ನ ಮುಂದೆ ಸುಳ್ಳು ಹೇಳಲು ಅವರಿಗೆ ಎಂದೂ ತ್ರಾಸಾಗಿರಲಿಲ್ಲ. ಪೂಜೆಗೊಂಡ ಖಂಡೇದ ಮುಂದೆ ಹೇಳಲಾಗಲಿಲ್ಲ.

"ಅಧ್ಯಕ್ಷರದು," ಎಂದರು.

"ಹೌದ್ರಿ," ಎಂದು ಕೊಬ್ಬರಿಯ ನಡುವಿನಿಂದ ಪಿಡಿಓ ಸಾಹೇಬರ ದನಿ ಬಂತು.

ಹಬ್ಬದ ರಜೆ ಮುಗಿದು ಆಫೀಸು ತೆರೆದ ದಿನವೇ ಬಿಲ್ಲು ಪಾಸು ಮಾಡಿದೆ. ಅಂದೇ ಸಂಜೆ ಅಣ್ಣಾರ ಮೋಟಾರ್ ಕೆಟ್ಟಿತು. ಯಾವ ಮೆಕ್ಯಾನಿಕ್ಕೂ ಸಿಗಲಿಲ್ಲವಂತೆ. ಓಣಿಯ ಹೆಂಗಸರು ಅಷ್ಟು ದೂರದ ಮೇಲಿನ ಓಣಿಯಿಂದ ನೀರು ಹೊತ್ತು ತರುತ್ತ, ನನ್ನ ಮನೆಯ ಮುಂದೆ ಬಂದಾಗ ಮಾತ್ರ ದನಿ ಎತ್ತರಿಸಿ ನನ್ನನ್ನು ಬೈದರು. ನಾನು ಒಳಗೆ ಕುಳಿತು ಕೇಳಿಸಿಕೊಂಡೆ. ಹೆದರಿಕೆಯೂ ಆಗಿತ್ತು. ಆದರೆ ಗುತ್ತಿಗೆದಾರ ಮಾತಿಗೆ ತಪ್ಪಲಿಲ್ಲ. ಪೈಪು ಜೋಡಣೆಯಾಯಿತು, ತೆಗ್ಗು ಮುಚ್ಚಿತು, ನಮ್ಮ ಮನೆಯ ಮುಂದೆ ಓಣಿಗೆಲ್ಲ ಸೇರಿ ಒಂದು ನಳ ನಿಂತಿತು.

ಮೊದಲ ದಿನ ಅತ್ತೆ ಕೊಡ ಹಿಡಿದು ಹೋಗಿ ನಳದ ಮುಂದೆ ಸುಮ್ಮನೆ ನಿಂತರು. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಅವರು ನಿಂತೇ ಇದ್ದರು.

"ತಿರುವ್ರಿ, ಅತ್ತೀ."

"ಯಾರನ್ನ ಕೇಳಬೇಕು?"

"ಯಾರನ್ನೂ ಕೇಳೂದಿಲ್ಲ."

ಅವರು ತಿರುವಿದರು. ನೀರು ಬಿತ್ತು. ನನಗೆ ಅಳು ಬಂತು, ನೆಗಡಿ ಎಂದೆ.

ಮರುದಿನ ಬೆಳಿಗ್ಗೆ ಹೊರಗೆ ಗದ್ದಲ. ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಮ್ಮ ಮನೆಯ ಮುಂದೆ ಸಾಲಾಗಿ ನಿಂತಿದ್ದಾರೆ, ನಳದ ಮೇಲೆ ತಿರುವುವ ಹಿಡಿಯೇ ಇಲ್ಲ. ಒಳಗೆ ಬಂದು ನೋಡಿದರೆ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ನಿಶ್ಚಿಂತೆಯಿಂದ ಕುಳಿತಿದ್ದರು. ಸೊಂಟದಲ್ಲಿ ಟ್ರಂಕಿನ ಚಾವಿ, ಅದರ ಪಕ್ಕದಲ್ಲಿ ನಳದ ಹಿಡಿ.

"ಅತ್ತೀ, ಇದೇನ್ರಿ! ಕೊಡ್ರಿ, ಮಂದಿ ಕಾಯಾಕತ್ತಾರ."

"ಕಾಯ್ಲಿ. ಎಲಿ ಹಾಕ್ಕೊಂಡು ಬರ್ತೇನಿ," ಎಂದರು ಅತ್ತೆ. "ಅಣ್ಣಾರು ಇಟ್ಕೊಂಡಿದ್ರು, ಆಮ್ಯಾಲ ನೀ ಇಟ್ಕೊಂಡಿ. ನಾ ಯಾಕ ಇಟ್ಕೋಬಾರ್ದು?"

ಮುಂದಿನ ಖಂಡೇನವಮಿಗೆ ಇನ್ನೂ ಬಹಳ ದಿನವಿತ್ತು.